ಗಂಟು ಕಟ್ಟುವ ಮುನ್ನ

ಗೃಹಸ್ಥನು ಒಂದು ಮನೆಯಲ್ಲಿ ವಾಸವಾಗಿರುವವರೆಗೆ ಅದರಲ್ಲಿ ಏನೇನಿದೆಯೆಂಬುದನ್ನು ಅರಿಯನು. ಅದನ್ನು ಬಿಟ್ಟು ಹೊರಡುವ ದಿನ ಅರಿಯುವನು. ಅಟ್ಟದ ಮೇಲಿನ ಮಂಕರಿ, ನಡುಮನೆಯ ಪೆಟ್ಟಿಗೆ, ಹಿತ್ತಿಲಿನ ಒರಳು, ಇವೆಲ್ಲವೂ ವರ್ಷಗಟ್ಟಲೆ ಮೌನವಾಗಿದ್ದು, ಆ ದಿನ ಒಂದೊಂದಾಗಿ ಎದುರಿಗೆ ಬಂದು 'ನಾನು ಯಾರ ಸ್ವತ್ತು?' ಎಂದು ಕೇಳುವಂತೆ ತೋರುವುವು. ಸಾಮಾನು ಕಟ್ಟುವುದು ಕೂಲಿಯವರ ಕೆಲಸವೆಂದು ಲೋಕವು ಎಣಿಸುವುದು. ಕಟ್ಟುವುದು ಅವರ ಕೆಲಸವೇ ಸರಿ. ಆದರೆ ಕಟ್ಟುವುದಕ್ಕೆ ಮುಂಚೆ ವಿಂಗಡಿಸತಕ್ಕವನು ಯಜಮಾನನು. ಆ ವಿಂಗಡಣೆಯಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿರುವುದು.

ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಇರುವ ತೆರಕಣಾಂಬಿಯು ಹಿಂದೆ ಕೋಟೆಯುಳ್ಳ ಪಟ್ಟಣವಾಗಿತ್ತು. ಲಕ್ಷ್ಮೀವರದರಾಜಸ್ವಾಮಿಯ ದೇವಾಲಯವೂ ಇತರ ಹಳೆಯ ಗುಡಿಗಳೂ ಆ ಹಿರಿಮೆಗೆ ಸಾಕ್ಷಿಯಾಗಿ ಇಂದಿಗೂ ನಿಂತಿವೆ. ಆಳಿದವರು ಹೋದರು, ಪಟ್ಟಣವು ಹಳ್ಳಿಯಾಯಿತು. ಇಂತಹ ಊರಿನಲ್ಲಿ ಮನೆ ಬಿಟ್ಟು ಹೋಗುವುದು ಹೊಸ ಸಂಗತಿಯಲ್ಲ. ಮಕ್ಕಳು ಓದಿ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗಕ್ಕೆ ನಿಂತ ಮೇಲೆ, ವೃದ್ಧರಾದ ತಂದೆತಾಯಿಗಳೂ ಒಂದು ದಿನ ಅವರನ್ನು ಸೇರಿಕೊಳ್ಳುವರು. ಅಂತಹ ಒಂದು ಮನೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ನಾಳೆ ಬೆಳಗ್ಗೆ ಲಾರಿ ಬರತಕ್ಕದ್ದು. ಇಂದು ದಂಪತಿಗಳಿಬ್ಬರೂ ನಡುಮನೆಯಲ್ಲಿ ಕುಳಿತು ಪದಾರ್ಥಗಳನ್ನು ವಿಂಗಡಿಸುತ್ತಿರುವರು.

ಅಟ್ಟದಿಂದ ಮೊದಲು ಇಳಿದದ್ದು ಹಿತ್ತಾಳೆಯ ಒಂದು ದೊಡ್ಡ ಕೊಳದಪ್ಪಲೆ. ಅದರ ಕಂಠದಲ್ಲಿ ಕೊರೆದಿದ್ದ ಹೆಸರು ಆ ಮನೆಯವರದಲ್ಲ. ನಲವತ್ತು ವರ್ಷದ ಹಿಂದೆ ಮಗಳ ಮದುವೆಗೆಂದು ನೆರೆಮನೆಯ ಹಿರಿಯಾಕೆಯಿಂದ ಎರವು ತಂದದ್ದು. ಮದುವೆಯಾದ ಕೆಲವು ದಿನಗಳಲ್ಲಿಯೇ ಆ ನೆರೆಯವರು ಊರು ಬಿಟ್ಟರು. ಪಾತ್ರೆಯು ಇಲ್ಲಿಯೇ ಉಳಿಯಿತು.

"ಇದನ್ನು ಹಿಂದಕ್ಕೆ ಕೊಡಬೇಕು" ಎಂದರು ಯಜಮಾನರು.

"ಕೊಡುವುದು ಯಾರಿಗೆ? ಕೊಟ್ಟವರು ತೀರಿಹೋದರು, ಕೇಳುವವರು ಯಾರೂ ಇಲ್ಲ. ನಲವತ್ತು ವರ್ಷ ಹುಣಿಸೆಹಣ್ಣು ಹಾಕಿ ಬೆಳಗಿದವಳು ನಾನು, ಕಲಾಯಿ ಹಾಕಿಸಿದವಳು ನಾನು. ಇನ್ನೂ ಇದು ಅವರದೆಂದರೆ ಹೇಗೆ?" ಎಂದರು ಆಕೆ.

ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪೋಷಿಸಿದವನಿಗೆ ಪದಾರ್ಥದ ಮೇಲೆ ಒಂದು ಬಗೆಯ ಹಕ್ಕು ಹುಟ್ಟುವುದೆಂದು ಮನಸ್ಸು ಸಹಜವಾಗಿ ನಂಬುವುದು. ಆದರೆ ಶಾಸ್ತ್ರದ ದೃಷ್ಟಿ ಬೇರೆ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಇಡುಗಂಟನ್ನು ಕುರಿತ ಅಧ್ಯಾಯವೊಂದುಂಟು. ಎರವಲು ತಂದ ವಸ್ತುವನ್ನು ಯಾವ ಸ್ಥಿತಿಯಲ್ಲಿ ತಂದೆವೋ ಅದೇ ಸ್ಥಿತಿಯಲ್ಲಿ ಒಪ್ಪಿಸಬೇಕೆಂದು ಅಲ್ಲಿ ವಿಧಿಸಿದೆ; ಇಡುಗಂಟನ್ನು ಬಳಸಿಕೊಂಡವನು ಬಳಕೆಗೆ ತಕ್ಕ ಬೆಲೆಯನ್ನೂ ಅದರ ಮೇಲೆ ಹನ್ನೆರಡು ಪಣದ ದಂಡವನ್ನೂ ತೆರಬೇಕೆಂದಿದೆ. ಹಾಗಾದರೆ ನಲವತ್ತು ವರ್ಷದ ಕಲಾಯಿಯು ಒಡೆತನಕ್ಕೆ ಕೊಟ್ಟ ಬೆಲೆಯಾಗಲಾರದು. ಉಪಯೋಗಕ್ಕೆ ಕೊಟ್ಟ ಬಾಡಿಗೆಯಾದೀತು. ಪರಚಕ್ರದಿಂದಲೋ ಕಾಡಿನವರ ದಾಳಿಯಿಂದಲೋ ನಾಡು ಹಾಳಾದಾಗ ಇಡುಗಂಟು ನಷ್ಟವಾದರೆ ಹೊಣೆಯಿಲ್ಲವೆಂಬ ವಿನಾಯಿತಿಯೂ ಅದೇ ಅಧ್ಯಾಯದಲ್ಲಿದೆ. ಇದು ಉಚಿತವಾದದ್ದು. ಕೃಷ್ಣರಾಜಸಾಗರದ ನೀರು ಏರಿ ಹಳೆಯ ಕನ್ನಂಬಾಡಿ ಮುಳುಗಿತು. 1947ರ ದೇಶವಿಭಜನೆಯಲ್ಲಿ ಲಕ್ಷಾಂತರ ಜನರು ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದರು. ಹಾಗೆ ಹೊರಡಬೇಕಾದವರಲ್ಲಿ ಎರವಿನ ಲೆಕ್ಕವನ್ನು ಯಾರು ಕೇಳಿಯಾರು? ಆದರೆ ತನ್ನ ಇಚ್ಛೆಯಿಂದ, ಒಳ್ಳೆಯ ದಿನ ನೋಡಿ, ಲಾರಿಯನ್ನು ಗೊತ್ತುಮಾಡಿ ಹೊರಡುವವನಿಗೆ ಆ ವಿನಾಯಿತಿಯು ಸಲ್ಲದು.

ಆಕೆ ಸುಮ್ಮನಾದರು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಪ್ರಶ್ನೆಯು ಯಜಮಾನರ ಕಡೆಗೆ ತಿರುಗಿತು. ಅವರು ಒಂದು ಮೂಲೆಯಲ್ಲಿ ಬಿರುಕು ಬಿಟ್ಟ ಉಪ್ಪಿನಕಾಯಿ ಜಾಡಿ, ಹರಿದ ಜಮಖಾನ, ಕಾಲು ಮುರಿದ ಮಣೆ ಮೊದಲಾದುವನ್ನು ಗುಡ್ಡೆ ಹಾಕಿ, "ಇವನ್ನೆಲ್ಲ ಪಾತ್ರೆ ತೊಳೆಯುವಾಕೆಗೆ ದಾನಮಾಡಿಬಿಡೋಣ, ಪುಣ್ಯ ಬರುತ್ತದೆ" ಎಂದರು.

"ಲಾರಿಗೆ ಭಾರವೆಂದು ಕೊಡುವುದಕ್ಕೂ ಪುಣ್ಯ ಬರುವುದಾದರೆ, ಕಸ ಗುಡಿಸಿ ತಿಪ್ಪೆಗೆ ಹಾಕುವುದಕ್ಕೂ ಬರಬೇಕಲ್ಲವೆ?" ಎಂದರು ಆಕೆ.

ಕಠೋಪನಿಷತ್ತು ಆರಂಭವಾಗುವುದೇ ಈ ಪ್ರಶ್ನೆಯಿಂದ. ಸರ್ವಸ್ವವನ್ನೂ ದಾನಮಾಡುವ ಯಾಗವನ್ನು ಕೈಕೊಂಡ ವಾಜಶ್ರವಸನು ಕೊಡುತ್ತಿದ್ದ ಗೋವುಗಳು ಎಂತಹವು? ಕುಡಿಯುವ ನೀರನ್ನು ಕುಡಿದು ಮುಗಿಸಿದ, ಮೇಯುವ ಹುಲ್ಲನ್ನು ಮೇದು ಮುಗಿಸಿದ, ಹಾಲು ಬತ್ತಿಹೋದ ಮುದಿ ಗೋವುಗಳು. ಅದನ್ನು ಕಂಡು ಬಾಲಕನಾದ ನಚಿಕೇತನ ಮನಸ್ಸು ಕಲಕಿತು. ತಂದೆಯು ಕೊಟ್ಟ ಗೋವುಗಳ ಸಂಖ್ಯೆಯಲ್ಲಿ ಕೊರತೆಯಿತ್ತೆಂದು ಅಲ್ಲಿ ಹೇಳಿಲ್ಲ. ತನಗೆ ಬೇಡವಾದುದನ್ನು ಕಳೆದುಕೊಳ್ಳುವ ಕಾರ್ಯಕ್ಕೆ ಆತನು ದಾನವೆಂಬ ಹೆಸರಿಟ್ಟಿದ್ದೇ ದೋಷ. ಹಳೆಯ ಪದಾರ್ಥವನ್ನು ಬಡವರಿಗೆ ಕೊಡಲೇಬಾರದೆಂದು ಇದರ ಅರ್ಥವಲ್ಲ. ಹರಿದ ಜಮಖಾನವೂ ಒಬ್ಬರಿಗೆ ಉಪಯೋಗವಾದೀತು. ಆದರೆ 'ಇದು ಹರಿದಿದೆ. ನಿನಗೆ ಬೇಕಾದರೆ ತೆಗೆದುಕೊ, ಬೇಡವಾದರೆ ಬಿಡು' ಎಂದು ಹೇಳಿ ಕೊಡುವುದು ಸತ್ಯ. ಅದನ್ನೇ ಉಪಕಾರವೆಂದು ಹೊರಿಸುವುದು ಅಸತ್ಯ. ಇಪ್ಪತ್ತು ವರ್ಷ ದುಡಿದಾಕೆಗೆ ಆ ಮನೆಯಿಂದ ಸಲ್ಲಬೇಕಾದದ್ದೇನಾದರೂ ಇದ್ದರೆ, ಅದು ಗಟ್ಟಿಯಾದ ಪಾತ್ರೆಗಳ ಗುಂಪಿನಿಂದ ಬರಬೇಕು. ಯಜಮಾನರು ಎದ್ದುಹೋಗಿ ತಾಮ್ರದ ಹಂಡೆಯೊಂದನ್ನು ತಂದು ಬೇರೆಯಾಗಿ ಇಟ್ಟರು.

ಕೊನೆಗೆ ದೇವರ ಮನೆಯಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಗರಿಯ ಕಟ್ಟು ಹೊರಬಂದಿತು. ಮುತ್ತಾತನ ಕಾಲದ್ದು. ಪ್ರತಿವರ್ಷವೂ ಸರಸ್ವತೀಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ ಬೀಳುತ್ತಿತ್ತು. ಒಂದು ಗರಿಯನ್ನೂ ಯಾರೂ ಓದಿದ್ದಿಲ್ಲ. ಇದು ತಮ್ಮ ವಂಶದ ಸ್ವತ್ತೆಂಬುದರಲ್ಲಿ ಯಜಮಾನರಿಗೆ ಸಂದೇಹವಿರಲಿಲ್ಲ. ಆದರೆ ಮನುಷ್ಯನು ಋಷಿಗಳಿಗೂ ದೇವತೆಗಳಿಗೂ ಪಿತೃಗಳಿಗೂ ಋಣಿಯಾಗಿಯೇ ಹುಟ್ಟುವನೆಂದು ವೇದವು ಹೇಳುವುದು. ಋಷಿಋಣವು ಅಧ್ಯಯನದಿಂದ ತೀರತಕ್ಕದ್ದು, ಕುಂಕುಮದಿಂದ ತೀರುವುದಿಲ್ಲ. ಮೇಲೆ ಹೇಳಿದ ಅರ್ಥಶಾಸ್ತ್ರವೇ ಇದಕ್ಕೆ ಸಾಕ್ಷಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅದರ ಹಸ್ತಪ್ರತಿಯನ್ನು 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿದ್ದ ಪ್ರಾಚ್ಯಕೋಶಾಗಾರಕ್ಕೆ ಒಪ್ಪಿಸಿದರು, ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಶೋಧಿಸಿ 1909ರಲ್ಲಿ ಪ್ರಕಟಿಸಿದರು. ಆ ಪಂಡಿತರೂ ತಮ್ಮ ಕಟ್ಟನ್ನು ವಸ್ತ್ರದಲ್ಲಿ ಸುತ್ತಿ ಪೂಜೆಮಾಡುತ್ತಲೇ ಇದ್ದಿದ್ದರೆ, ಆ ಗ್ರಂಥವು ಇನ್ನೆಷ್ಟು ಕಾಲ ಕತ್ತಲೆಯಲ್ಲಿರುತ್ತಿತ್ತೋ! ಓದಬಲ್ಲವರ ಕೈಗೆ ಸೇರದ ಗ್ರಂಥವು ಮನೆಯಲ್ಲಿದ್ದರೂ ಮನೆಯವರದಲ್ಲ. ಅದೂ ಒಂದು ಎರವು. ಮೈಸೂರಿಗೆ ಹೋದ ಮೇಲೆ ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಒಪ್ಪಿಸುವುದೆಂದು ನಿಶ್ಚಯವಾಯಿತು.

ಹೀಗೆ ನೋಡುತ್ತಾ ಹೋದರೆ ತನ್ನದೆಂದು ಉಳಿಯುವುದು ಏನು? ಆಕೆ ಮಡಿಲಲ್ಲಿ ಒಂದು ಹಳೆಯ ಸೇರನ್ನು ಇಟ್ಟುಕೊಂಡು ಕುಳಿತಿದ್ದರು. 1956ರ ಶಾಸನದಿಂದ ಮೆಟ್ರಿಕ್ ಅಳತೆಗಳು ಬಂದ ಮೇಲೆ ಅದಕ್ಕೆ ಅಂಗಡಿಯಲ್ಲಿ ಬೆಲೆಯಿಲ್ಲ. ಮಗನ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಆದರೆ ಅತ್ತೆಯವರು ದಿನವೂ ಅದರಲ್ಲಿ ಅಕ್ಕಿಯನ್ನು ಅಳೆದು, ಬಾಗಿಲಿಗೆ ಬಂದವರಿಗೆಂದು ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದರು. ಸೊಸೆಯೂ ಹಾಗೆಯೇ ನಡೆದುಕೊಂಡು ಬಂದಿದ್ದರು. ಇದನ್ನು ಒಯ್ಯುವುದು ಮೋಹವೆ? ಯಾಜ್ಞವಲ್ಕ್ಯನು ಮನೆ ಬಿಟ್ಟು ಹೊರಡುವಾಗ ತನ್ನ ಸ್ವತ್ತನ್ನು ಇಬ್ಬರು ಪತ್ನಿಯರಿಗೆ ಹಂಚಲೆಳಸಿದನು. ಐಶ್ವರ್ಯದಿಂದ ಅಮೃತತ್ವವು ದೊರೆಯುವುದೆ ಎಂದು ಮೈತ್ರೇಯಿಯು ಕೇಳಿದಳು. ಅವನು ಆಕೆಗೆ ಬೋಧಿಸಿದ್ದು ಪದಾರ್ಥಗಳನ್ನು ದ್ವೇಷಿಸೆಂದಲ್ಲ. ಯಾವ ವಸ್ತುವೂ ವಸ್ತುವಿಗಾಗಿ ಪ್ರಿಯವಲ್ಲ, ಆತ್ಮಕ್ಕಾಗಿ ಪ್ರಿಯವೆಂದು. ಇದನ್ನು ಅರಿತು ಒಯ್ಯುವವನಿಗೆ ಒಂದು ಸೇರು ಭಾರವಾಗದು. ಅರಿಯದೆ ಒಯ್ಯುವವನಿಗೆ ಮೂರು ಲಾರಿಗಳೂ ಸಾಲವು.

ಸಂಜೆಗೆ ಮುಂಚೆ ಯಜಮಾನರು ಕೊಳದಪ್ಪಲೆಯನ್ನು ತೆಗೆದುಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದರು. ಆ ಹಿರಿಯಾಕೆಯ ಮೊಮ್ಮಗಳು ಅಲ್ಲಿರುವಳೆಂದು ಯಾರೋ ಹೇಳಿದ್ದರು. ಬರಿಯ ಪಾತ್ರೆಯನ್ನು ಹಿಂದಿರುಗಿಸಬಾರದೆಂದು ಆಕೆ ಅದರೊಳಗೆ ಒಂದು ಸೇರು ಅಕ್ಕಿಯನ್ನೂ ಒಂದಚ್ಚು ಬೆಲ್ಲವನ್ನೂ ಇಟ್ಟಿದ್ದರು. ಮೊಮ್ಮಗಳಿಗೆ ಪಾತ್ರೆಯ ಗುರುತಿರಲಿಲ್ಲ. ಕಂಠದ ಮೇಲಿನ ಹೆಸರನ್ನು ಬೆರಳಿನಿಂದ ಸವರಿ ಓದಿದಳು. ಅನಂತರ ಬಂದವರಿಗೆ ಕುಳಿತುಕೊಳ್ಳಲು ಮಣೆ ಹಾಕಿದಳು.