ಇಟ್ಕೊಂಡಿರು ಅಂದವನ ಕಾರ್ಡುಗಳು

ಕಳೆದ ಮಳೆಗಾಲದಲ್ಲಿ ಅಟ್ಟದ ಹೆಂಚು ಸರಿಸಿ ನೋಡುವಾಗ ಹಳೆಯ ಬಿಸ್ಕತ್ತಿನ ಡಬ್ಬವೊಂದು ಕೈಗೆ ಸಿಕ್ಕಿತು. ಒಳಗೆ ಕ್ರಿಕೆಟ್ ಆಟಗಾರರ ಕಾರ್ಡುಗಳು. ನನ್ನ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ. ಬಿಗ್ ಫನ್ ಎಂಬ ಬಬಲ್‌ಗಮ್ಮಿನ ಜೊತೆ ಅವು ಬರುತ್ತಿದ್ದವು. ಮುಂದೆ ಆಟಗಾರನ ಚಿತ್ರ, ಹಿಂದೆ ಇಷ್ಟು ರನ್ನು, ಇಷ್ಟು ವಿಕೆಟ್ಟು ಎಂಬ ಲೆಕ್ಕ. ಗಮ್ಮನ್ನು ಅಗಿದು ಉಗಿದುಬಿಡುತ್ತಿದ್ದೆವು; ಕಾರ್ಡಿಗಾಗಿಯೇ ಕೊಳ್ಳುತ್ತಿದ್ದುದು. 1987ರ ರಿಲಯನ್ಸ್ ಕಪ್ಪಿನ ಕಾಲ. ನಾಗಪುರದಲ್ಲಿ ಚೇತನ್ ಶರ್ಮಾ ಹ್ಯಾಟ್ರಿಕ್ ಹೊಡೆದದ್ದು, ಅದೇ ಆಟದಲ್ಲಿ ಗಾವಸ್ಕರ್ ಶತಕ ಬಾರಿಸಿದ್ದು, ಐದೇ ದಿನಗಳಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಗೂಚ್ ಸ್ವೀಪ್ ಮಾಡಿ ಮಾಡಿ ನಮ್ಮನ್ನು ಮುಗಿಸಿದ್ದು, ಎಲ್ಲವನ್ನೂ ಆಲೂರಿನ ಕಡೆಯ ನಮ್ಮ ತೋಟದ ಕಣದಲ್ಲಿ ರೇಡಿಯೋಗೆ ಕಿವಿಯಿಟ್ಟು ಕೇಳಿದವರು ನಾವು.

ಡಬ್ಬದಲ್ಲಿ ಎರಡು ಕಟ್ಟುಗಳಿದ್ದವು. ಒಂದು ನನ್ನದು. ಇನ್ನೊಂದರ ಪ್ರತಿ ಕಾರ್ಡಿನ ಮೂಲೆಯಲ್ಲೂ ನೀಲಿ ಶಾಯಿಯ ಒಂದು ಚುಕ್ಕಿ. ಅದು ನಮ್ಮ ಲೈನ್ ಮನೆಯಲ್ಲಿದ್ದ ಹುಡುಗನದು. ಅವರ ಕುಟುಂಬವನ್ನು ಮೇಸ್ತ್ರಿ ಬಯಲುಸೀಮೆಯಿಂದ ಹಣ್ಣು ಕುಯ್ಲಿಗೆಂದು ಕರೆತಂದಿದ್ದ. ಎರಡು ವರ್ಷ ಇಲ್ಲಿಯೇ ನಿಂತರು. ಜೂನ್ ತಿಂಗಳ ಒಂದು ಸಂಜೆ ಅವನು ಕಾರ್ಡುಗಳನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಬಂದ. "ನಮ್ಮನೆ ಸೋರುತ್ತೆ ಕಣೋ. ನೀನೇ ಇಟ್ಕೊಂಡಿರು" ಅಂದ. ಎರಡೂ ಬೆರೆತುಹೋದರೆ ಗೊತ್ತಾಗುವುದು ಹೇಗೆ? ಗುರುತಿಗೆ ಚುಕ್ಕಿ ಇಡೋಣ ಎಂದುಕೊಂಡೆವು. ಯಾರದಕ್ಕೆ ಇಡೋದು ಎಂದು ಅವನು ಕೇಳಿದ. ನಾನು ಒಂದು ಕ್ಷಣವೂ ಯೋಚಿಸದೆ "ನಿನ್ನದಕ್ಕೇ ಇಡು" ಅಂದೆ. ಪೆನ್ನು ಕೊಟ್ಟವನೂ ನಾನೇ.

ಮುಂದಿನ ವರ್ಷ ಅವರು ಹೋದರು. ಹೊರಟದ್ದು ನಾನು ಶಾಲೆಗೆ ಹೋಗಿದ್ದಾಗ. ಡಬ್ಬ ನನ್ನಲ್ಲೇ ಉಳಿಯಿತು.

ಇಷ್ಟಾಗಿದ್ದರೆ ಇದು ನೆನಪಿನ ಸಂಗತಿ ಮಾತ್ರ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ರಜಕ್ಕೆ ಬಂದವನು ಡಬ್ಬ ನೋಡಿ ಕುಣಿದಾಡಿದ. ಅಲ್ಲಿ ಇದೊಂದು ದೊಡ್ಡ ವ್ಯಾಪಾರವಂತೆ. ಕಾರ್ಡುಗಳನ್ನು ಒಂದು ಕಂಪನಿಗೆ ಕಳಿಸಿಬಿಟ್ಟರಾಯಿತು. ಅವರೇ ಫೋಟೋ ತೆಗೆದು, ವಿವರ ಬರೆದು, ಇಂಟರ್‌ನೆಟ್ಟಿನಲ್ಲಿ ಹರಾಜಿಗಿಟ್ಟು, ಮಾರಿ, ತಮ್ಮ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮಾರಾಟವಾಗುವವರೆಗೆ ಮಾಲು ನಮ್ಮದೇ. ಅದಕ್ಕೆ ಮೊದಲು ಬೇರೊಬ್ಬರು ಕಾರ್ಡನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಮೊಹರು ಮಾಡುವುದೂ ಉಂಟು. ಮಿಕ್ಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ 1952ರ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತಂತೆ. ಅದನ್ನು ಅಚ್ಚುಹಾಕಿದ ಕಂಪನಿಯೇ, ಮಾರಾಟವಾಗದೆ ಉಳಿದ ಆ ವರ್ಷದ ಪೆಟ್ಟಿಗೆಗಳನ್ನು ಮುಂದೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿತು ಎಂದು ಕತೆ ಹೇಳುತ್ತಾರೆ. ನಮ್ಮ ಬಬಲ್‌ಗಮ್ಮಿನ ಕಾರ್ಡಿಗೆ ಅಂಥ ಯೋಗವಿಲ್ಲ. ಆದರೆ ಏನೋ ಒಂದಿಷ್ಟು ಬಂದೀತು, ಕೊಳ್ಳುವ ಹುಚ್ಚರು ಇದ್ದಾರೆ ಎಂದ.

ಆಮೇಲೆ ಅವನು ಎರಡು ಕಟ್ಟುಗಳನ್ನೂ ಬಿಡಿಸಿ ನೋಡಿ, "ಮಾವ, ಈ ಶಾಯಿ ಬಿದ್ದಿರೋದೆಲ್ಲ ಹೋಯ್ತು. ಇದಕ್ಕೆ ಅಂಕ ಸಿಗಲ್ಲ. ಕ್ಲೀನಾಗಿರೋದು ಮಾತ್ರ ಕಳಿಸೋಣ" ಅಂದ. ಕ್ಲೀನಾಗಿದ್ದುದೆಲ್ಲ ನನ್ನದು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಪರರ ಮಾಲನ್ನು ಇಟ್ಟುಕೊಂಡವನ ಧರ್ಮವೇನು ಎಂಬುದು ಹೊಸ ಪ್ರಶ್ನೆಯಲ್ಲ. ಮನುಸ್ಮೃತಿ ಹೇಳುವ ಹದಿನೆಂಟು ವ್ಯವಹಾರಗಳಲ್ಲಿ ಸಾಲದ ನಂತರದ್ದೇ ನಿಕ್ಷೇಪ. 1872ರ ಕರಾರು ಕಾಯ್ದೆಯಲ್ಲೂ ಇದಕ್ಕೊಂದು ಅಧ್ಯಾಯವಿದೆ. ಅದರಲ್ಲಿ ಬರುವ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಒಬ್ಬ ತನ್ನ ಹಸುವನ್ನು ಇನ್ನೊಬ್ಬನಲ್ಲಿ ನೋಡಿಕೊಳ್ಳಲು ಬಿಟ್ಟುಹೋಗುತ್ತಾನೆ. ಅಲ್ಲಿ ಅದು ಕರು ಹಾಕುತ್ತದೆ. ಹಿಂತಿರುಗಿಸುವಾಗ ಕರುವನ್ನೂ ಕೊಡಬೇಕು. ಬ್ರಿಟಿಷರ ಕಾಯ್ದೆಯಾದರೂ ಹಟ್ಟಿಯ ವಾಸನೆ ಬಡಿಯುವ ಮಾತು.

ಹಾಗಾದರೆ ಇಲ್ಲಿ ಕರು ಯಾವುದು? ಚುಕ್ಕಿಯ ಕಾರ್ಡುಗಳನ್ನು ಅವನಿಗೆ ಕೊಡಬೇಕು, ಅದರಲ್ಲಿ ತಕರಾರಿಲ್ಲ. ಅವಕ್ಕೆ ಬೆಲೆಯಿಲ್ಲ ಎಂಬುದಷ್ಟೇ. ನನ್ನ ಕಾರ್ಡು ನನ್ನದು; ನನ್ನ ಹಸು ನನ್ನ ಕೊಟ್ಟಿಗೆಯಲ್ಲೇ ಈದಿದೆ. ವಕೀಲರನ್ನು ಕೇಳಿದರೆ ಇಷ್ಟಕ್ಕೇ ಕಡತ ಮುಚ್ಚುತ್ತಾರೆ. ಆದರೆ ಇಬ್ಬರ ಕಟ್ಟನ್ನೂ ಬೇರೆ ಮಾಡಲು ಒಬ್ಬರ ಕಾರ್ಡಿಗೆ ಕಲೆ ಹಚ್ಚಲೇಬೇಕಿತ್ತು. ಒಂದೇ ಗುರುತು ಎರಡೂ ಕಟ್ಟುಗಳನ್ನು ಕಾಯಿತು. ಅದರ ಖರ್ಚನ್ನು ಅವನೊಬ್ಬನೇ ಹೊತ್ತ. ಯಾರು ಹೊರಬೇಕು ಎಂದು ತೀರ್ಮಾನಿಸಿದವನು ನಾನು, ಧಣಿಗಳ ಮನೆಯ ಹುಡುಗ. ಹೆಂಚಿನ ಮನೆ ನಮ್ಮದು ಎಂಬ ಒಂದೇ ಕಾರಣಕ್ಕೆ ಆ ಅಧಿಕಾರ ನನ್ನಲ್ಲಿತ್ತು. ಸೋರುತ್ತಿದ್ದ ಲೈನ್ ಮನೆಯೂ ನಮ್ಮದೇ ಎಂಬುದು ಇದನ್ನು ಬರೆಯುವಾಗಲಷ್ಟೇ ಹೊಳೆಯಿತು.

ಇದಕ್ಕೆ ನಮ್ಮ ತಂದೆ ಒಪ್ಪುತ್ತಿರಲಿಲ್ಲ. ಅವರ ವಾದ ನನಗೆ ಗೊತ್ತು; ಕಾಫಿಯ ಪೂಲಿನ ವಿಷಯದಲ್ಲಿ ನೂರು ಸಲ ಕೇಳಿದ್ದೇನೆ. 1942ರ ಕಾಯ್ದೆಯ ಮೇಲೆ ನಡೆಯುತ್ತಿದ್ದ ಆ ಪದ್ಧತಿಯಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಬೇಕಿತ್ತು. ಎಲ್ಲರ ಬೀಜವೂ ಒಂದೇ ರಾಶಿ. ದರ್ಜೆಗೆ ತಕ್ಕಂತೆ ಪಾಯಿಂಟು. ಬೋರ್ಡು ಮಾರಿದ ಹಾಗೆ ಹಾಗೆ ಕಂತಿನಲ್ಲಿ ಹಣ. ಸಕಲೇಶಪುರದ ಬೆಳೆಗಾರರಿಗೆ ಕಮಿಷನ್ ಕಂಪನಿಯ ವ್ಯಾಪಾರವನ್ನು ಅಮೆರಿಕದವರು ಹೇಳಿಕೊಡಬೇಕಾಗಿಲ್ಲ. ಮಾಲು ಕೊಟ್ಟು ಬೆಲೆಗೆ ಕಾಯುವುದು ನಮಗೆ ಅರ್ಧ ಶತಮಾನದ ಅಭ್ಯಾಸ. 1992ರಿಂದ ಅದು ಸಡಿಲವಾಗುತ್ತ ಬಂತು, 1996ರಲ್ಲಿ ಪೂರ್ತಿ ಹೋಯಿತು. ಕೊನೆಯ ಕಂತು ಬರುವ ಹೊತ್ತಿಗೆ ಆ ಹಣ್ಣು ಕುಯ್ದವರಲ್ಲಿ ಅನೇಕರು ಊರಲ್ಲೇ ಇರುತ್ತಿರಲಿಲ್ಲ. ಅವರಿಗೂ ಪಾಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಕೂಲಿ ಕೊಟ್ಟಾಗಿದೆ. ರೇಟು ಬಿದ್ದ ವರ್ಷ ಅವರ ಹತ್ರ ವಾಪಸ್ ಇಸ್ಕೊಂಡ್ನೇನೋ?" ಎಂದರು. ಸುಳ್ಳಲ್ಲ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದು ಪ್ರಪಂಚದ ದರವೇ ಕುಸಿದಾಗ ನಮ್ಮ ಮನೆಯಲ್ಲಿ ಸಾಲ ಬೆಳೆಯಿತು, ಬಟವಾಡೆ ನಿಲ್ಲಲಿಲ್ಲ. ನಷ್ಟಕ್ಕೆ ಕುತ್ತಿಗೆ ಕೊಟ್ಟವನಿಗೆ ಲಾಭ ಸಲ್ಲಬೇಕು ಎಂಬುದು ಹಗುರವಾದ ಮಾತಲ್ಲ. ನಾನೂ ಈಗ ತೋಟ ಮಾಡುವವನು. ಅದೇ ಲೆಕ್ಕದಲ್ಲೇ ಬದುಕುತ್ತಿದ್ದೇನೆ. ಅದು ಪೂರ್ತಿ ಸರಿಯೆಂದು ಎದೆ ತಟ್ಟಿ ಹೇಳಲಾರೆ.

ಆದರೆ ಆ ವಾದ ಈ ಡಬ್ಬಕ್ಕೆ ಹೊಂದುವುದಿಲ್ಲ. ಕೂಲಿ ತೆಗೆದುಕೊಂಡವನು ಏನನ್ನೋ ಮಾರಿ ಹೋಗಿರುತ್ತಾನೆ. ಇವನು ನನಗೆ ಏನನ್ನೂ ಮಾರಲಿಲ್ಲ, ನಂಬಿ ಇಟ್ಟ. ಮೂವತ್ತೇಳು ಮೂವತ್ತೆಂಟು ಮಳೆಗಾಲ ಕಾಪಾಡಿದ್ದೇನಲ್ಲ ಎಂದು ಮನಸ್ಸು ಹೇಳುತ್ತದೆ. ಕಾಪಾಡಿದ್ದು ಅಟ್ಟ, ನಾನಲ್ಲ. ಅಷ್ಟು ವರ್ಷ ನನಗೆ ಅದರ ನೆನಪೂ ಇರಲಿಲ್ಲ.

ಆ ಅಂಕದ ವ್ಯವಸ್ಥೆಯೂ ಒಂದು ವಿಚಿತ್ರವೇ. ಜೇಬಿನಲ್ಲಿಟ್ಟು ತಿರುಗಿದ, ಆಡಿ ಸವೆಸಿದ, ರಾತ್ರಿ ತಲೆದಿಂಬಿನಡಿ ಇಟ್ಟು ಮಲಗಿದ ಕಾರ್ಡಿಗೆ ಅಂಕವಿಲ್ಲ. ಯಾರೂ ಮುಟ್ಟದ್ದಕ್ಕೆ ಹತ್ತು. ಕೊಳ್ಳುವವರ ತಪ್ಪೆನ್ನಲಾರೆ, ನಾವು ಕಾಫಿಯಲ್ಲಿ ಕಪ್ಪು ಬೀಜ ಆರಿಸಿ ತೆಗೆಯುವುದಿಲ್ಲವೇ?

ಅಕ್ಕನ ಮಗನ ಜೊತೆ ನನ್ನ ಕಟ್ಟನ್ನು ಕಳಿಸಿದ್ದೇನೆ. ಬಂದದ್ದರಲ್ಲಿ ಅರ್ಧ ಬೇರೆ ತೆಗೆದಿಡು ಎಂದೆ. "ಯಾರಿಗೆ ಮಾವ? ವಿಳಾಸ ಬೇಡವಾ?" ಎಂದು ನಕ್ಕ. ನ್ಯಾಯವಾದದ್ದೇ ನಗು. ಅರ್ಧವೇ ಏಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಚುಕ್ಕಿಯ ಕಟ್ಟು ಇಲ್ಲೇ ಇದೆ, ಅಟ್ಟದಿಂದ ಇಳಿಸಿ ಬೀರುವಿನಲ್ಲಿಟ್ಟಿದ್ದೇನೆ. ಹಳೆಯ ಮೇಸ್ತ್ರಿ ತೀರಿಕೊಂಡಿದ್ದಾನೆ. ಅವನ ಮಗನನ್ನು ವಿಚಾರಿಸಿದೆ. ಆ ಕುಟುಂಬ ಇಲ್ಲಿಂದ ಕೊಡಗಿನ ಕಡೆಗೆ ಹೋಯಿತು, ಅಲ್ಲಿಂದ ಮುಂದಕ್ಕೆ ತಿಳಿಯದು ಎಂದ. ಅವರ ಊರಿನ ಕಡೆಯವರು ಈಗಲೂ ಒಂದಿಬ್ಬರು ಕುಯ್ಲಿಗೆ ಬರುತ್ತಾರಂತೆ. ಡಿಸೆಂಬರಿನಲ್ಲಿ ಬಂದರೆ ಹೇಳು ಎಂದು ಅವನಿಗೆ ಹೇಳಿಟ್ಟಿದ್ದೇನೆ.