ಸುಶಿ ಬಾರಿನಲ್ಲಿ ಮುಯ್ಯಿ ಲೆಕ್ಕ

ಆರು ಜನ ಗೆಳೆಯರು ಶುಕ್ರವಾರ ರಾತ್ರಿ ಏರಿಯಾದ ಸುಶಿ ಬಾರಿಗೆ ಹೋಗ್ತಾರೆ. ಬಿಲ್ 15,600 ರೂಪಾಯಿ ಆಗುತ್ತೆ. ಅವರಲ್ಲಿ ಒಬ್ಬ ತಿಂದಿದ್ದು ಒಂದು ಸೌತೆಕಾಯಿ ರೋಲ್ ಮತ್ತು ಒಂದು ಬಟ್ಟಲು ಎಡಮಾಮೆ, ಎರಡೂ ಸೇರಿ 900 ರೂಪಾಯಿ. ಹಾಗಾದರೆ ಅವನು ಎಷ್ಟು ಕೊಡಬೇಕು?

ಹೈಸ್ಕೂಲಿನ ಲೆಕ್ಕದ ಥರ ಕಾಣುತ್ತೆ, ನಿಜ. ಸಮನಾಗಿ ಹಂಚಿದರೆ 2,600, ತಿಂದಷ್ಟಕ್ಕೆ ಅಂದರೆ 900. ಆದರೆ ನಮ್ಮಂಥವರು ತಿಂಗಳಿಗೆ ಒಂದೆರಡು ಸಲ ಎದುರಿಸೋ ಮಾಮೂಲಿ ನೈತಿಕ ಪ್ರಶ್ನೆ ಇದೇ ಅನ್ಸುತ್ತೆ ನನಗೆ. ಅಷ್ಟು ಮಾಮೂಲಿ ಆಗಿರೋದ್ರಿಂದಲೇ ಇದರ ಬಗ್ಗೆ ಯಾರೂ ಬಾಯಿ ಬಿಡಲ್ಲ.

ಬೆಂಗಳೂರಿನ ಇಂದಿರಾನಗರದ ಕಡೆ ಇಂಥ ಜಾಗಕ್ಕೆ ಹೋದವರಿಗೆ ಅಲ್ಲಿನ ಗಲಾಟೆ ಗೊತ್ತಿರುತ್ತೆ. ಬಾಗಿಲು ತೆಗೆದ ಕೂಡಲೇ ಒಳಗಿನವರು "ಇರಾಶೈಮಾಸೆ" ಅಂತ ಕೂಗಿ ಸ್ವಾಗತ ಮಾಡ್ತಾರೆ. ಮ್ಯೂಸಿಕ್ಕು, ನಗು, ಪಕ್ಕದ ಟೇಬಲ್ಲಿನವರ ಅಪ್ರೈಸಲ್ ಕಥೆ. ಸುಶಿ ಥಾಲಿಯ ಥರ ಒಬ್ಬೊಬ್ಬರಿಗೆ ಒಂದೊಂದು ಅಂತ ಬರಲ್ಲ. ಆರು ತುಂಡು, ಎಂಟು ತುಂಡು ಅಂತ ತಟ್ಟೆ ತಟ್ಟೆಯಾಗಿ ಬರುತ್ತೆ, ಮಧ್ಯದಲ್ಲಿಟ್ಟು ಎಲ್ಲರೂ ಚಾಪ್‌ಸ್ಟಿಕ್ ಹಾಕ್ತಾರೆ. "ಇನ್ನೊಂದು ಸಾಲ್ಮನ್ ಹೇಳೋಣ್ವಾ?" ಅಂದಾಗ ಬೇಡ ಅನ್ನೋರು ಯಾರು? ಯಾರು ಎಷ್ಟು ತಿಂದರು ಅನ್ನೋದು ಹತ್ತು ನಿಮಿಷದಲ್ಲಿ ಕಲಸಿಹೋಗುತ್ತೆ. ಹಾಗೆ ಕಲಸಿಹೋಗೋದೇ ಆ ಸಂಜೆಯ ಸುಖ ಕೂಡ.

ಅದಕ್ಕೇ ಸಮಪಾಲು ನಮಗೆ ದೊಡ್ಡತನದ ಥರ ಕಾಣೋದು. ಗೆಳೆಯರ ಮಧ್ಯೆ ಚಿಲ್ಲರೆ ಲೆಕ್ಕ ಯಾಕೆ ಗುರು, ಆರರಿಂದ ಭಾಗಿಸಿ ಮುಗಿಸು. ಆದರೆ ಇದರೊಳಗೆ ಒಂದು ಗುಟ್ಟಿದೆ. ನಾನು 600 ರೂಪಾಯಿಯ ಇನ್ನೊಂದು ತಟ್ಟೆ ತರಿಸಿದರೆ ನನ್ನ ಜೇಬಿನಿಂದ ಹೋಗೋದು 100 ಮಾತ್ರ. ಉಳಿದ 500 ಮಿಕ್ಕ ಐವರ ತಲೆ ಮೇಲೆ. ಅರ್ಥಶಾಸ್ತ್ರಜ್ಞ ಯೂರಿ ಗ್ನೀಜಿ ಮತ್ತು ಅವರ ಜೊತೆಗಾರರು ಇಸ್ರೇಲಿನ ಒಂದು ರೆಸ್ಟೋರೆಂಟಿನಲ್ಲಿ ಇದನ್ನ ಪ್ರಯೋಗ ಮಾಡಿಯೇ ನೋಡಿದರು. 2004ರಲ್ಲಿ ಅದು ಪ್ರಕಟವಾಯ್ತು. ನಿಮ್ಮ ಬಿಲ್ ನೀವೇ ಕೊಡಿ ಅಂದಾಗ ಜನ ತಲಾ ಸುಮಾರು 37 ಶೆಕೆಲ್‌ನಷ್ಟು ತರಿಸಿಕೊಂಡರು. ಸಮಪಾಲು ಅಂದಾಗ ಅದು 51ರ ಹತ್ತಿರ ಹೋಯ್ತು. ಪೂರ್ತಿ ಬಿಟ್ಟಿ ಅಂದಾಗ 82. ನಿಮಗೆ ಯಾವ ಪದ್ಧತಿ ಇಷ್ಟ ಅಂತ ಕೇಳಿದರೆ ಹೆಚ್ಚಿನವರು ಆರಿಸಿದ್ದು ಅವರವರ ಬಿಲ್ ಅವರವರಿಗೆ ಅನ್ನೋದನ್ನ. ಅಂದರೆ ಸಮಪಾಲಿನಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ಆದರೂ ಕಮ್ಮಿ ತಿಂದವನು ಜಾಸ್ತಿ ತಿಂದವನ ಊಟಕ್ಕೆ ಹಣ ಹಾಕ್ತಾನೆ.

ಮೊದಲ ಕೆಲಸದ ದಿನಗಳಲ್ಲಿ ಆ ಕಮ್ಮಿ ತಿನ್ನೋನ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಎಜುಕೇಶನ್ ಲೋನಿನ ಕಂತು, ತಂಗಿಯ ಹಾಸ್ಟೆಲ್ ಫೀಸು, ಊರಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ, ಸಂಬಳ ಬಂದ ವಾರದಲ್ಲೇ ಖಾಲಿ. ಅಂಥವನು ಮೆನು ಓದೋ ಕ್ರಮವೇ ಬೇರೆ: ಮೊದಲು ಬಲಗಡೆಯ ರೇಟು, ಆಮೇಲೆ ಎಡಗಡೆಯ ಹೆಸರು. "ನಂಗೆ ಹಸಿವಿಲ್ಲ ಕಣೋ, ಸಂಜೆ ಲೇಟಾಗಿ ತಿಂಡಿ ತಿಂದೆ" ಅನ್ನೋ ಮಾತಿಗೂ ಹೊಟ್ಟೆಗೂ ಸಂಬಂಧ ಇರಲ್ಲ. ನಾಲ್ಕನೇ ಸಲ ಕರೆದಾಗ "ಈ ಶುಕ್ರವಾರ ಆನ್‌ಕಾಲ್ ಇದೆ" ಅನ್ನೋದು ಶುರುವಾಗುತ್ತೆ. ಗೆಳೆತನ ಜಗಳವಾಡಿ ಮುರಿಯೋದಕ್ಕಿಂತ ಹೀಗೆ ಸದ್ದಿಲ್ಲದೆ ಸವೆಯೋದೇ ಜಾಸ್ತಿ.

ಹಾಗಾದರೆ ತಿಂದಷ್ಟಕ್ಕೇ ಕೊಡೋದು ಸರಿಯಾ? ಸುಶಿ ಲೋಕದಲ್ಲೇ ಇದಕ್ಕೊಂದು ಚೊಕ್ಕ ಉತ್ತರ ಇದೆ. ಬಿಯರ್ ಕಾರ್ಖಾನೆಯ ಕನ್ವೇಯರ್ ಬೆಲ್ಟ್ ನೋಡಿ ಐಡಿಯಾ ಹೊಳೆದ ಯೋಶಿಯಾಕಿ ಶಿರಾಯಿಶಿ ಅನ್ನೋರು 1958ರಲ್ಲಿ ಜಪಾನಿನ ಒಸಾಕಾ ಪ್ರಾಂತ್ಯದಲ್ಲಿ ಬೆಲ್ಟ್ ಮೇಲೆ ಸುಶಿ ತಿರುಗೋ ಹೋಟೆಲ್ ತೆಗೆದರು. ಅಂಥ ಹೋಟೆಲುಗಳಲ್ಲಿ ತಟ್ಟೆಯ ಬಣ್ಣ ನೋಡಿದರೆ ಬೆಲೆ ಗೊತ್ತಾಗುತ್ತೆ. ಬೇಕಾದ್ದು ಎತ್ತಿಕೊಂಡು ತಿಂದು, ಖಾಲಿ ತಟ್ಟೆ ಮುಂದೆ ಪೇರಿಸಿಟ್ಟರೆ ಸಾಕು. ಎಣಿಸಿದರೆ ಬಿಲ್ ರೆಡಿ. ನಾವು ಫೋನಿನ ಆ್ಯಪಿನಲ್ಲಿ ಐಟಂ ಐಟಂ ಹಾಕಿ ಹಂಚಿಕೊಳ್ಳೋದೂ ಇದನ್ನೇ. ಕೈ ಬಿಗಿ ಇರೋನ ಜೇಬು ಉಳಿಯುತ್ತೆ. ಆದರೆ ಆರು ಜನ ಒಟ್ಟಿಗೆ ಕೂತು ಆರು ಬೇರೆ ಬೇರೆ ಊಟ ಮಾಡಿದ ಹಾಗಾಗುತ್ತೆ. ಮೇಲಾಗಿ ತಟ್ಟೆಯ ರಾಶಿ ಎಲ್ಲರ ಕಣ್ಣಿಗೂ ಬೀಳುತ್ತೆ, ಅವನದು ಹನ್ನೆರಡು, ಇವನದು ಮೂರು.

ಅದೇ ಜಪಾನಿನಲ್ಲಿ ಜೊತೆಯಾಗಿ ಕುಡಿಯೋಕೆ ಕೂತಾಗ ತನ್ನ ಲೋಟ ತಾನೇ ತುಂಬಿಸಿಕೊಳ್ಳದೆ ಪಕ್ಕದವರ ಲೋಟ ತುಂಬಿಸೋ ರೂಢಿಯೂ ಇದೆ. ತಟ್ಟೆ ಎಣಿಸೋದು ಹೋಟೆಲಿನವರ ಜೊತೆಗಿನ ಲೆಕ್ಕ. ಲೋಟ ತುಂಬಿಸೋದು ಪಕ್ಕದವನ ಜೊತೆಗಿನ ಲೆಕ್ಕ. ಎರಡನ್ನೂ ಒಂದೇ ಸೂತ್ರದಲ್ಲಿ ಬಗೆಹರಿಸೋಕೆ ಹೋಗೋದ್ರಿಂದಲೇ ನಮಗೆ ತೊಡಕು.

ನಮ್ಮೂರ ಕಡೆ ಈ ಎರಡನೇ ಲೆಕ್ಕಕ್ಕೆ ಮುಯ್ಯಿ ಅಂತಾರೆ. ಇವತ್ತು ನಾನು ನಿನ್ನ ಗದ್ದೆ ನಾಟಿಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು, ಅದು ಮುಯ್ಯಾಳು. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೀತಾರೆ. ಹಳ್ಳಿಯವರು ಲೆಕ್ಕ ಇಡಲ್ಲ, ಬರೀ ಪ್ರೀತಿ ಅನ್ನೋದು ಸಿನಿಮಾ ಮಾತು, ಚೆನ್ನಾಗೇ ಇಡ್ತಾರೆ. ಆದರೆ ಆ ಲೆಕ್ಕ ಅವತ್ತೇ ಚುಕ್ತಾ ಆಗಲ್ಲ. ಅವರು 101 ಬರೆಸಿದ್ದರೆ ಅವರ ಮನೆ ಮದುವೆಗೆ ನಮ್ಮಪ್ಪ ಸ್ವಲ್ಪ ಮೇಲೆ ಹಾಕಿ ಬರೆಸೋರು. ಯಾವಾಗಲೂ ಒಂದು ಕಡೆ ಬಾಕಿ ಉಳಿದು ಹೋಗಿ ಬರೋದು ಮುಂದುವರೀತಿತ್ತು. ಮತ್ತೆ, ಮುಯ್ಯಿ ಹಣದಲ್ಲೇ ಆಗಬೇಕು ಅಂತಿರಲಿಲ್ಲ. ಕೈಯಲ್ಲಿ ಕಾಸಿಲ್ಲದವರು ಹಿಂದಿನ ದಿನವೇ ಬಂದು ಚಪ್ಪರ ಹಾಕಿ, ತರಕಾರಿ ಹೆಚ್ಚಿ ಕೊಡೋರು. ಅದು ನೋಟ್‌ಬುಕ್ಕಿನಲ್ಲಿ ಇರ್ತಿರಲಿಲ್ಲ, ಮನೆಯವರಿಗೆ ನೆನಪಿರ್ತಿತ್ತು.

ಇದನ್ನ ಹೇಳಿ ಊರೇ ಚೆಂದ ಅನ್ನೋಕೆ ಹೊರಟಿಲ್ಲ. ಅದೇ ಮದುವೆಯಲ್ಲಿ ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು ಅನ್ನೋದನ್ನ ಜಾತಿ ತೀರ್ಮಾನ ಮಾಡ್ತಿತ್ತು. ಕೆಲವರು ಕೊನೇವರೆಗೂ ಹೊರಗೇ ಕಾಯ್ತಿದ್ದರು. ಸುಶಿ ಬಾರಿನಲ್ಲಿ ಪಕ್ಕ ಕೂತವರ ಜಾತಿ ಯಾರೂ ಕೇಳಲ್ಲ. ಒಂದೇ ತಟ್ಟೆಗೆ ಆರು ಜನ ಕೈ ಹಾಕ್ತಾರೆ. ನಗರ ನಮಗೆ ಕೊಟ್ಟ ದೊಡ್ಡ ಬಿಡುಗಡೆ ಇದು. ಇಷ್ಟು ಕಷ್ಟಪಟ್ಟು ಸಿಕ್ಕ ಸಾಲಿನಿಂದ ಒಬ್ಬನನ್ನ ಜೇಬಿನ ಕಾರಣಕ್ಕೆ ಎಬ್ಬಿಸಿ ಕಳಿಸೋದು, ಅದೂ ನಮಗೇ ಗೊತ್ತಾಗದ ಹಾಗೆ, ನ್ಯಾಯವಾ?

ಹಾಗಾಗಿ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇದು: ಅವನು 2,600 ಕೊಡಬೇಕಿಲ್ಲ. 900 ಅನ್ನೋದು ಕನಿಷ್ಠ ನ್ಯಾಯ. ಅದನ್ನ ಅವನು ಕೇಳಿ ಪಡೀಬಾರದು, ಜಾಸ್ತಿ ತರಿಸಿದವರೇ ಮೊದಲು ಹೇಳಬೇಕು. "ಸಾಲ್ಮನ್ನು, ಬಿಯರು ಎಲ್ಲ ನಮ್ಮ ಐವರದು, ಅದನ್ನ ಬೇರೆ ಮಾಡೋಣ" ಅನ್ನೋಕೆ ಐದು ಸೆಕೆಂಡ್ ಸಾಕು. ಇದೇ ಮಾತನ್ನ ಕಮ್ಮಿ ತಿಂದವನು ಆಡಿದರೆ ಜಿಪುಣ ಅನ್ನಿಸಿಕೊಳ್ತಾನೆ. ಜಾಸ್ತಿ ತಿಂದವನು ಆಡಿದರೆ ಯಾರಿಗೂ ಏನೂ ಅನ್ಸಲ್ಲ. ಮಾತಾಡೋ ಹೊಣೆ ಯಾರದು ಅಂತ ಅಲ್ಲೇ ಗೊತ್ತಾಗುತ್ತೆ.

ಕನಿಷ್ಠ ನ್ಯಾಯ ಆದಮೇಲೆ ಮುಯ್ಯಿ. ಸಂಬಳ ಜಾಸ್ತಿ ಇರೋನು "ಇವತ್ತಿಂದು ನಂದಿರ್ಲಿ" ಅನ್ನಬಹುದು. ಆದರೆ ಪ್ರತಿ ಸಲ ಒಬ್ಬನೇ ಕೊಡ್ತಾ ಹೋದರೆ ಅದು ದಾನ ಆಗುತ್ತೆ; ದಾನ ತಗೊಂಡು ಸರೀಕ ಗೆಳೆಯನಾಗಿ ಉಳಿಯೋದು ಕಷ್ಟ. ಅದಕ್ಕೇ ಮುಂದಿನ ಶನಿವಾರ ಅವನು ದರ್ಶಿನಿಯಲ್ಲಿ ಮಸಾಲೆದೋಸೆ ಕೊಡಿಸ್ತೀನಿ ಅಂದರೆ ಹೋಗಿ. ಕೌಂಟರಿನಲ್ಲಿ ಅವನು ಫೋನ್ ತೆಗೆದಾಗ "ಏ ಬಿಡೋ, ನಾನು ಕೊಡ್ತೀನಿ" ಅಂತ ಅಡ್ಡ ಕೈ ಹಾಕಬೇಡಿ. ಅವನ 200 ರೂಪಾಯಿ ನಿಮ್ಮ 900ಕ್ಕೆ ಸಮ ಅಂತ ಯಾವ ಆ್ಯಪೂ ಒಪ್ಪಲ್ಲ, ನೀವು ಒಪ್ಪಿಕೊಳ್ಳಿ. ನಿಂತುಕೊಂಡು ದೋಸೆ ತಿಂದು ಆದಮೇಲೆ, ಬೇಕು ಅನ್ನಿಸಿದರೆ, ಎರಡನೇ ಕಾಫಿಯನ್ನೂ ಅವನ ಹತ್ತಿರವೇ ಕೇಳಿ.