ಚೆಂಡು ಬರದ ದಿನದ ಕೂಲಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ದಾಖಲೆಗಳಲ್ಲಿ ಆರ್ಚಿ ಗ್ರಹಾಂ ಅನ್ನುವ ಹೆಸರಿನ ಮುಂದೆ ಇರುವುದು ಒಂದೇ ಒಂದು ಪಂದ್ಯ. 1905ರ ಜೂನ್ 29, ಬ್ರೂಕ್ಲಿನ್. ಈತನ ತಂಡ ನ್ಯೂಯಾರ್ಕ್ ಜೈಂಟ್ಸ್ ಆವತ್ತು 11-1ರಿಂದ ಗೆದ್ದಿತು. ಗೆಲುವು ಖಾತ್ರಿಯಾದ ಮೇಲೆ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಬೆಂಚಿನಲ್ಲಿ ಕೂತಿದ್ದ ಗ್ರಹಾಂನನ್ನು ಬಲಬದಿಯ ಔಟ್‌ಫೀಲ್ಡಿಗೆ ಕಳಿಸಿದ. ಒಂದು ಕ್ಯಾಚೂ ಬರಲಿಲ್ಲ. ಬ್ಯಾಟ್ ಹಿಡಿಯುವ ಸರದಿ ಇನ್ನೇನು ಬರಬೇಕು ಅನ್ನುವಾಗ ಮುಂದಿದ್ದವನು ಔಟಾಗಿ ತಂಡದ ಇನ್ನಿಂಗ್ಸೇ ಮುಗಿಯಿತು. ಅಲ್ಲಿಗೆ ಮೇಜರ್ ಲೀಗಿನ ಕಥೆಯೂ ಮುಗಿಯಿತು.

ಡಬ್ಲ್ಯೂ. ಪಿ. ಕಿನ್ಸೆಲ್ಲಾ ಈ ಒಂದು ಸಾಲಿನ ದಾಖಲೆಯಿಂದ ಗ್ರಹಾಂನನ್ನು ಎತ್ತಿಕೊಂಡು ತನ್ನ 1982ರ ಕಾದಂಬರಿ ‘ಶೂಲೆಸ್ ಜೋ’ದಲ್ಲಿ ಪಾತ್ರ ಮಾಡಿದ. 1989ರಲ್ಲಿ ಅದೇ ‘ಫೀಲ್ಡ್ ಆಫ್ ಡ್ರೀಮ್ಸ್’ ಅನ್ನುವ ಸಿನಿಮಾ ಆಯ್ತು. ಅದರಲ್ಲಿ ಸತ್ತುಹೋದ ಗ್ರಹಾಂ ಮತ್ತೆ ಹುಡುಗನಾಗಿ ಬಂದು, ತಪ್ಪಿಹೋಗಿದ್ದ ಆ ಬ್ಯಾಟಿಂಗ್ ಸರದಿಯನ್ನು ಆಡುತ್ತಾನೆ. ಚೆನ್ನಾಗಿರುವ ಸಿನಿಮಾ, ಸುಳ್ಳು ಹೇಳಲ್ಲ. ಆದರೆ ನೋಡಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಒಬ್ಬ ಮನುಷ್ಯನ ಬದುಕಿಗೆ ‘ಇದೊಂದು ಸಿಗಲಿಲ್ಲ’ ಅಂತ ಹೆಸರಿಡುವ ಹಕ್ಕು ಯಾರದು?

ಯಾಕೆ ಅಂದ್ರೆ, ಗ್ರಹಾಂ ಒಂದು ಪಂದ್ಯದ ಆಟಗಾರನೇ ಅಲ್ಲ. 1902ರಲ್ಲಿ ನಾರ್ತ್ ಕೆರೊಲಿನಾದ ಷಾರ್ಲೆಟ್ ತಂಡದಿಂದ ಶುರು ಮಾಡಿ 1908ರವರೆಗೆ ಆತ ಮೈನರ್ ಲೀಗ್‌ಗಳಲ್ಲಿ ಆಡಿದ. ಮೈನರ್ ಲೀಗ್ ಅಂದರೆ ಮೇಜರ್‌ಗಿಂತ ಕೆಳಗಿನ ಮೆಟ್ಟಿಲುಗಳು. ಸಣ್ಣ ಊರು, ಸಣ್ಣ ಮೈದಾನ, ಸಣ್ಣ ಸಂಬಳ. 1906ರಲ್ಲಿ, ಅಂದರೆ ಆ ‘ದುರಂತ’ ನಡೆದ ಮರುವರ್ಷವೇ, ಸ್ಕ್ರ್ಯಾಂಟನ್ ತಂಡಕ್ಕೆ ಆಡುತ್ತಾ .336 ಸರಾಸರಿಯಲ್ಲಿ ಬ್ಯಾಟಿಂಗ್ ಮಾಡಿದ. ಪ್ರತಿ ಮೂರು ಪ್ರಯತ್ನಕ್ಕೆ ಒಂದು ಹಿಟ್. ಬೇಸ್‌ಬಾಲ್‌ನಲ್ಲಿ ಯಾವ ಮಟ್ಟದಲ್ಲಾದರೂ ಇದು ಮೊದಲ ದರ್ಜೆಯ ಲೆಕ್ಕ. ಆಡುತ್ತಾ ಆಡುತ್ತಾನೇ ಮೆಡಿಕಲ್ ಓದಿ ಡಾಕ್ಟರೂ ಆದ. ಹೀಗೆ ಆಡಿದ ನೂರಾರು ಪಂದ್ಯ ಯಾರಿಗೂ ನೆನಪಿಲ್ಲ. ನೆನಪಿರುವುದು ಆಡದೆ ಉಳಿದ ಒಂದು ಸರದಿ.

ಔಟ್‌ಫೀಲ್ಡರ್ ಕೆಲಸ ಏನು ಅಂತ ನನಗೆ ಅರ್ಥವಾಗಿದ್ದು ಆಫೀಸಿನವರು ಆನ್‌ಸೈಟ್ ಕಳಿಸಿದಾಗ. ಡರ್ಹಾಮ್‌ನಲ್ಲಿ ಡರ್ಹಾಮ್ ಬುಲ್ಸ್ ಅನ್ನುವ ಮೈನರ್ ಲೀಗ್ ತಂಡವಿದೆ. ಒಂದು ಸಂಜೆ ನಾವು ನಾಲ್ಕು ಜನ ಕನ್ನಡದವರು ಟಿಕೆಟ್ ತಗೊಂಡು ಹೋದೆವು. ಕ್ರಿಕೆಟ್ ಕಣ್ಣಿನಿಂದ ನೋಡಿದರೆ ಔಟ್‌ಫೀಲ್ಡರ್ ಅಂದರೆ ಬೌಂಡರಿ ಹತ್ತಿರ ನಿಂತವನು. ಮೂರೇ ಜನ, ಅಷ್ಟಗಲ ಜಾಗ. ಒಂದು ಪೂರಾ ಇನ್ನಿಂಗ್ಸ್ ಹೋದರೂ ಅವನ ಕಡೆ ಚೆಂಡು ಬರದೇ ಇರಬಹುದು. ‘ಪಾಪ, ಸುಮ್ನೆ ನಿಂತಿದಾನೆ’ ಅಂದ ಪಕ್ಕದಲ್ಲಿದ್ದ ಗೆಳೆಯ. ಆದರೆ ಅವನೊಬ್ಬನನ್ನೇ ಹತ್ತು ನಿಮಿಷ ನೋಡಿ. ಎಡಗೈ ಬ್ಯಾಟರ್ ಬಂದರೆ ಆಚೆ ಸರಿಯುತ್ತಾನೆ. ಗಾಳಿ ಯಾವ ಕಡೆ ಅಂತ ಬಾವುಟ ನೋಡುತ್ತಾನೆ. ಪ್ರತಿ ಎಸೆತಕ್ಕೂ ಮೊಣಕಾಲು ಬಗ್ಗಿಸಿ ಒಂದೆರಡು ಹೆಜ್ಜೆ ಮುಂದೆ ಬರುತ್ತಾನೆ. ಪಕ್ಕದವನ ಕಡೆ ಚೆಂಡು ಹೋದರೆ, ಅವನ ಕೈತಪ್ಪಿದರೆ ಇರಲಿ ಅಂತ ಅವನ ಹಿಂದಕ್ಕೆ ಓಡುತ್ತಾನೆ. ಸ್ಕೋರ್ ಶೀಟಿನಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ. ಚೆಂಡು ಬಂದರೆ ಮಾತ್ರ ಕೆಲಸ, ಬರದಿದ್ದರೆ ಸುಮ್ಮನೆ ನಿಂತಿದ್ದ ಅನ್ನುವುದು ನೋಡುವವರ ಲೆಕ್ಕ. ನಿಂತವನ ಕಾಲಿಗೆ ಗೊತ್ತು ಅದು ಕೆಲಸ ಹೌದೋ ಅಲ್ಲವೋ.

ಇದೇನೋ ತತ್ವಜ್ಞಾನ ಬಿಡಿ ಅನ್ನಬೇಡಿ. ಇದರ ಮೇಲೆ ಕೋರ್ಟಿನಲ್ಲಿ ಎಂಟು ವರ್ಷ ಜಗಳ ನಡೆದಿದೆ. 2014ರಲ್ಲಿ ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್ ಬೇಸ್‌ಬಾಲ್ ಮೇಲೆ ಕೇಸು ಹಾಕಿದರು. ಆಗ ಅವರಿಗೆ ಸಂಬಳ ಸಿಗುತ್ತಿದ್ದುದು ಸೀಸನ್ ನಡೆಯುವ ತಿಂಗಳುಗಳಿಗೆ ಮಾತ್ರ. ಸೀಸನ್‌ಗೆ ಮುಂಚಿನ ತರಬೇತಿ ಶಿಬಿರಕ್ಕೆ ಕೂಲಿ ಇಲ್ಲ. ಲೀಗಿನವರ ವಾದ ಇಷ್ಟೇ: ಇದು ವೃತ್ತಿಯಲ್ಲ, ಕೆಲವು ಸೀಸನ್‌ಗಳ ಅಪ್ರೆಂಟಿಸ್‌ಶಿಪ್. ಅಂದರೆ, ನೀವಿನ್ನೂ ‘ತಯಾರಿ’ಯಲ್ಲಿದ್ದೀರಿ, ಕೆಲಸ ಶುರುವಾಗಿಲ್ಲ. ಟಿಕೆಟ್ ಮಾರಾಟ ಮಾತ್ರ ಶುರುವಾಗಿತ್ತು! 2018ರಲ್ಲಿ ಅಮೆರಿಕದ ಸಂಸತ್ತು ಒಂದು ದೊಡ್ಡ ಖರ್ಚಿನ ಮಸೂದೆಯೊಳಗೆ ಈ ಆಟಗಾರರನ್ನು ಓವರ್‌ಟೈಮ್ ನಿಯಮದಿಂದ ಹೊರಗಿಡುವ ಕಾನೂನನ್ನೂ ಸೇರಿಸಿತು. ‘ಅಮೆರಿಕದ ಆಟವನ್ನು ಉಳಿಸುವ ಕಾಯ್ದೆ’ ಅಂತ ಅದರ ಹೆಸರು. 2022ರಲ್ಲಿ ನ್ಯಾಯಾಧೀಶರು, ತರಬೇತಿ ಶಿಬಿರವೂ ಕೆಲಸವೇ ಅಂದರು. ಕೇಸು 18.5 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಅದೇ ವರ್ಷ ಆಟಗಾರರು ಯೂನಿಯನ್ ಸೇರಿದರು. 2023ರ ಒಪ್ಪಂದದಲ್ಲಿ ಮೈನರ್ ಲೀಗಿನ ಮೇಲಿನ ಮೆಟ್ಟಿಲಲ್ಲಿ ವರ್ಷದ ಕನಿಷ್ಠ ಸಂಬಳ 35,800 ಡಾಲರ್ ಆಯ್ತು. ಅದಕ್ಕಿಂತ ಒಂದೇ ಮೆಟ್ಟಿಲು ಮೇಲೆ, ಮೇಜರ್ ಲೀಗಿನಲ್ಲಿ, ಆ ವರ್ಷದ ಕನಿಷ್ಠ 7,20,000 ಡಾಲರ್.

ಒಬ್ಬರ ಇವತ್ತಿಗೆ ‘ತಯಾರಿ’ ಅಂತ ಹೆಸರಿಟ್ಟರೆ, ಇವತ್ತಿನ ಕೂಲಿ ಕೊಡುವುದು ತಪ್ಪುತ್ತದೆ. ಕೂಲಿ ಅಂದರೆ ಬರೀ ದುಡ್ಡಲ್ಲ, ಮರ್ಯಾದೆಯೂ ಹೌದು. ನಮ್ಮೂರಲ್ಲಿ ಇದಕ್ಕೆ ‘ಸೆಟ್ಲ್’ ಅಂತಾರೆ. ನನ್ನ ಚಿಕ್ಕಪ್ಪನ ಮಗ ಆರು ವರ್ಷದಿಂದ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಜೊತೆಗೆ ತೋಟ ನೋಡಿಕೊಳ್ಳುತ್ತಾನೆ. ಸಂಜೆ ಊರಿನ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ. ಮದುವೆಮನೆಯಲ್ಲಿ ಯಾರಾದರೂ ‘ಏನಪ್ಪಾ ಮಾಡ್ಕೊಂಡಿದೀಯ?’ ಅಂತ ಕೇಳಿದರೆ ಅವನ ಉತ್ತರ, ‘ಏನೂ ಇಲ್ಲ ದೊಡ್ಡಪ್ಪ, ಪ್ರಿಪೇರ್ ಆಗ್ತಿದೀನಿ.’ ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಆ ‘ಏನೂ ಇಲ್ಲ’ ಕೇಳಿದಾಗ. ಗಣಿತದಲ್ಲಿ ಪಾಸಾದ ಆ ಮಕ್ಕಳು ಏನೂ ಅಲ್ವಾ?

ಇದಕ್ಕೆ ಎದುರುವಾದವೂ ಇದೆ, ತೂಕದ್ದೇ. ಯಾರೂ ಇವರನ್ನು ಕಟ್ಟಿಹಾಕಿಲ್ಲ, ಆಸೆಯಿಂದ ತಾವಾಗಿಯೇ ಬಂದವರು. ಆಸೆಗೆ ಬೆಲೆ ತೆರಬೇಕಾದ್ದು ಲೋಕರೂಢಿ ಅಲ್ವಾ? ಹೌದು. ಮೇಜರ್ ಲೀಗಿನ 30 ತಂಡಗಳಿಗೆ ತಲಾ 26 ಜನ ಅಂದರೆ 780 ಜಾಗ; ಕೆಳಗಿನ 120 ತಂಡಗಳಲ್ಲಿ ಕಾಯುವವರು ಸಾವಿರಾರು. ಎಲ್ಲರಿಗೂ ಜಾಗ ಕೊಡಿ ಅಂತ ಯಾವ ನ್ಯಾಯವೂ ಹೇಳುವುದಿಲ್ಲ. ಆದರೆ ಸೋಲಬಹುದು ಅಂತ ಒಪ್ಪಿ ಬರುವುದು ಬೇರೆ, ಸೋತರೆ ಅಷ್ಟು ವರ್ಷ ಬದುಕಿದ್ದೇ ಲೆಕ್ಕಕ್ಕಿಲ್ಲ ಅನ್ನುವುದಕ್ಕೆ ಒಪ್ಪುವುದು ಬೇರೆ. ಮೊದಲನೆಯದು ಆಟದ ನಿಯಮ. ಎರಡನೆಯದನ್ನು ಆಟ ಕೇಳಿರಲಿಲ್ಲ, ನಾವು ಸೇರಿಸಿದ್ದು.

ಗ್ರಹಾಂ 1909ರಲ್ಲಿ ಮಿನ್ನೆಸೋಟಾದ ಚಿಸಮ್ ಅನ್ನುವ ಕಬ್ಬಿಣದ ಗಣಿಯೂರಿಗೆ ಡಾಕ್ಟರಾಗಿ ಹೋದ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಊರಲ್ಲಿದ್ದು 1965ರಲ್ಲಿ ತೀರಿಕೊಂಡ. ಅಲ್ಲಿನ ಶಾಲೆಗಳ ಡಾಕ್ಟರಾಗಿ ಮಕ್ಕಳ ರಕ್ತದೊತ್ತಡವನ್ನು ವರ್ಷಗಟ್ಟಲೆ ಅಳೆದು ಬರೆದಿಟ್ಟ. ಆ ಅಧ್ಯಯನ 1945ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಂದಹಾಗೆ, 1951ರಲ್ಲಿ ಕಾಶ್ಮೀರದ ವಿಚಾರಕ್ಕೆ ವಿಶ್ವಸಂಸ್ಥೆ ನಮ್ಮ ಕಡೆ ಕಳಿಸಿದ ಫ್ರಾಂಕ್ ಗ್ರಹಾಂ ಈತನ ತಮ್ಮ.

ಆದರೆ ‘ಕೊನೆಗೆ ಒಳ್ಳೆ ಡಾಕ್ಟರಾದ, ಹಾಗಾಗಿ ಬದುಕು ಸಾರ್ಥಕ’ ಅಂತ ಮುಗಿಸುವುದಕ್ಕೂ ನನಗೆ ಇಷ್ಟವಿಲ್ಲ. ಅದೂ ಅದೇ ಹಳೇ ಲೆಕ್ಕ. ಗಮ್ಯ ಮಾತ್ರ ಬದಲು. ಡಾಕ್ಟರಾಗದೆ ಎಲ್ಲೋ ಅಂಗಡಿ ಇಟ್ಟಿದ್ದರೂ ಸ್ಕ್ರ್ಯಾಂಟನ್‌ನಲ್ಲಿ ಹೊಡೆದ ಹಿಟ್‌ಗಳು ಹಿಟ್‌ಗಳೇ. ಆ ಸಂಜೆಗಳಲ್ಲಿ ದುಡ್ಡು ಕೊಟ್ಟು ಬಂದು ಚಪ್ಪಾಳೆ ಹೊಡೆದವರಿಗೆ ಅವು ‘ಮೈನರ್’ ಆಗಿರಲಿಲ್ಲ, ಆವತ್ತಿನ ಆಟವಾಗಿತ್ತು.

ಮುಂದಿನ ಸಲ ಊರಿನ ಮದುವೆಯಲ್ಲಿ ಯಾವುದಾದರೂ ಹುಡುಗ ಸಿಕ್ಕಿದರೆ, ‘ರಿಸಲ್ಟ್ ಯಾವಾಗ?’ ಅಂತ ಕೇಳುವ ಮೊದಲು ‘ಈ ವಾರ ಏನೇನು ಮಾಡಿದೆ?’ ಅಂತ ಕೇಳಿ ನೋಡಿ. ಹೇಳುವುದಕ್ಕೆ ಅವನ ಹತ್ತಿರ ಬೇಕಾದಷ್ಟಿರುತ್ತೆ.